ಎಡಹೆಗಲು

"ಈ ಬೆಲ್ಟ್ ಇನ್ನ ಅಟ್ಟಕ್ಕ ಹೋಗೂದನ. ನೀ ಒಂದ್ ಚಲೋ ಚೂಡಿದಾರ ಹೊಲದು ಕೊಡಪಾ ಬಾಬುಸಾಬ," ಎನ್ನುತ್ತ ಲೀಲಾಬಾಯಿ ಮೊಮ್ಮಗಳ ಬೆನ್ನಿಗೆ ಬೆರಳಿನಿಂದ ಬಡಿದು ತೋರಿಸಿದರು. ಬಟ್ಟೆಯೊಳಗಿಂದ ಪ್ಲಾಸ್ಟಿಕ್ ಬಕೆಟ್ಟು ಬಡಿದಂಥ ಸದ್ದು ಬಂತು. ಹನ್ನೆರಡರ ಪ್ರಣೀತಾ ನಾಚಿ ನೆಲ ನೋಡಿದಳು.

ಕಂಕುಳಿಂದ ಸೊಂಟದವರೆಗೆ ಬಿಗಿದ ಗಟ್ಟಿ ಬೆಲ್ಟು ಅದು. ಹುಡುಗಿಯ ಬೆನ್ನುಮೂಳೆ ಒಂದು ಬದಿಗೆ ಬಾಗುತ್ತಿದೆ, ಎಲುಬು ಬೆಳೆಯುವ ವಯಸ್ಸು ಮುಗಿಯುವ ತನಕ ಹಗಲೂ ರಾತ್ರಿ ಇದನ್ನು ಹಾಕಬೇಕು, ಹಾಕಿದರೆ ಬಾಗು ಹೆಚ್ಚದೆ ನಿಂತೀತು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದರು.

"ಸಾಲ್ಯಾಗ ಹುಡುಗ್ಯಾರು ಇಕಿಗೆ ಡಬ್ಬಿ ಅಂತಾರ. ಈ ಸುಡು ಬಿಸಲಾಗ ಕಂಕಳ ಸುಲದ ಕೆಂಪಗಾಗ್ಯಾವ. ನನ್ನ ಮಗ್ಗಲದಾಗ ಮಲಗಿ ಬಿಕ್ಕಿ ಬಿಕ್ಕಿ ಅಳತೈತಿ ಕೂಸು. ನನ್ನ ಕೈಲೆ ನೋಡಾಕ ಆಗವಲ್ದು. ನಿನ್ನ ಮಗಳಿಗೆ ಹೊಲೀತಿ ನೋಡು, ಹಂಗ ಹೊಲಿ. ತಬಸ್ಸುಮನ ಬೆನ್ನು ಸೊಟ್ಟ ಐತಿ ಅಂದ್ರ ಯಾರರ ನಂಬ್ತಾರೇನು?"

ಹೊಗಳಿಕೆ ಬಾಬುಸಾಬನಿಗೆ ಚುಚ್ಚಿತು. ರೋಣದ ಪೇಟೆಯಲ್ಲಿ ಅವನ ಕೈಗೆ ಹೆಸರಿತ್ತು. ಅವನು ಹೊಲಿದದ್ದು ತೊಟ್ಟರೆ ಗಿಡ್ಡಗಿದ್ದವರು ಎತ್ತರ ಕಾಣುತ್ತಿದ್ದರು, ದಪ್ಪಗಿದ್ದವರು ತೆಳ್ಳಗೆ ಕಾಣುತ್ತಿದ್ದರು. ಹಾಳಾದ ಕೈ! ಅಂಗಡಿಯ ಪರದೆಯ ಹಿಂದೆಯೇ ಅವನ ಮನೆ. ಆ ಪರದೆಯಾಚೆ ಹದಿನೇಳರ ಮಗಳು ತಬಸ್ಸುಮ ಜಂಪರಿಗೆ ಹುಕ್ಕು ಹಚ್ಚುತ್ತ ಕೂತಿದ್ದಳು. ಅರ್ಧ ತಾಸು ಒಂದೇ ಸಮ ಕೂತರೆ ಅವಳಿಗೆ ಬೆನ್ನು ಕಿತ್ತುಕೊಂಡು ಬಂದಂತೆ ನೋಯುತ್ತಿತ್ತು. ಎದ್ದು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮತ್ತೆ ಕೂರುತ್ತಿದ್ದಳು.

"ಬಾಯಾರ, ಬೆಲ್ಟ್ ಮ್ಯಾಲೆ ಸಡಲ ಕೂಡೂವಂಗ ಹೊಲದು ಕೊಡ್ತೀನ್ರಿ. ಒಳಗ ಹಾಕ್ಕೊಳ್ಳಾಕ ಮೆತ್ತನ್ನ ಅರಿವಿದೊಂದು ಬನಿಯನ್ನೂ ಹೊಲೀತೀನಿ, ಕಂಕಳ ಸುಲಿಯೂದಿಲ್ಲ. ಬೆಲ್ಟ್ ಮಾತ್ರ ಬಿಡಸಬ್ಯಾಡ್ರಿ."

"ನೀ ಯಾವಾಗ ಡಾಕ್ಟರ ಆದೀಪಾ? ನಿನ್ನ ಮಗಳಿಗೆ ಹಾಕಿದ್ದೇನು ಬೆಲ್ಟು? ಆಕಿ ಚಲೋನ ಅದಾಳಲ್ಲ!"

ಈ ಮಾತಿಗೆ ಬಾಬುಸಾಬನ ಹತ್ತಿರ ಇದ್ದದ್ದು ಒಂದೇ ಉತ್ತರ, ಅದನ್ನು ಇಷ್ಟು ವರ್ಷ ಹೆಂಡತಿಗೂ ಹೇಳದೆ ನುಂಗಿಕೊಂಡಿದ್ದ. ಈಗಲೂ ನುಂಗಿದರೆ ಎದುರಿಗೆ ನಿಂತ ಈ ಕೂಸಿನ ಬೆನ್ನೂ ಹಾಳಾಗುತ್ತದೆ. ಪರದೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ನನ್ನ ಮಗಳು ಇಕಿ ವಯಸ್ಸಿನಾಕಿ ಇದ್ದಾಗ ಆಕಿ ಸಾಲಿ ಅಂಗಿ ಅಳತಿ ತಗೊಂಡಿದ್ದೆರಿ. ಎಡಹೆಗಲು ಅರ್ಧ ಇಂಚು ಇಳದಿತ್ತು. ಪಾಟೀಚೀಲದ ಭಾರಕ್ಕ ಇದ್ದೀತು, ಹೆಣ್ಣು ಹುಡುಗಿ, ಊರ ಬಾಯಿಗೆ ಯಾಕ ಕೊಡೂದು ಅಂತ, ಹೆಗಲು ಸಮ ಕಾಣೂವಂಗ ಒಳಗ ಒಂದು ಪ್ಯಾಡ್ ಇಟ್ಟು ಹೊಲದುಬಿಟ್ಟೆ. ಮರುವರ್ಷ ಇನ್ನಷ್ಟು ಇಳೀತು. ಪ್ಯಾಡ್ ದಪ್ಪ ಮಾಡಿದೆ. ಅವರವ್ವಗ ಸೈತ ಗೊತ್ತಾಗ್ಲಿಲ್ರಿ, ಅಷ್ಟು ಚಲೋ ಹೊಲದಿದ್ದೆ! ಬ್ಯಾನಿ ಹೆಚ್ಚಾಗಿ ದವಾಖಾನಿಗೆ ಒಯ್ದಾಗ, ಎಲುಬು ಬಲತು ಹೋಗ್ಯಾವ, ಇನ್ನ ಬೆಲ್ಟಿಂದ ಫಾಯದೆ ಇಲ್ಲ, ಉಳದದ್ದು ಆಪರೇಷನ್ ಒಂದ, ಸಣ್ಣಾಕಿ ಇದ್ದಾಗ ತರಬೇಕಿತ್ತು ಅಂದ್ರು ಡಾಕ್ಟರು. ಯಾವಾಗ ಗೊತ್ತಾತು ಅಂತ ಕೇಳಿದ್ರು. ನನ್ನ ಹೆಂಡ್ತಿ ಅಳಕೋತ, ಈಗನ ಗೊತ್ತಾತ್ರಿ ಅಂದ್ಲು. ನಾ ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ."

ಇಷ್ಟೆಲ್ಲ ಎದೆ ಬಗೆದು ಹೇಳಿದ್ದಕ್ಕೆ ಲೀಲಾಬಾಯಿ ಕರಗಿದರೇ? ಎಲ್ಲಿಯ ಮಾತು! ಹೊಲಿಯಲು ತಂದು ಮೇಜಿನ ಮೇಲಿಟ್ಟಿದ್ದ ಬಟ್ಟೆಯನ್ನು ಸರಕ್ಕನೆ ಎಳೆದುಕೊಂಡರು.

"ಹೆತ್ತ ಮಗಳಿಗೆ ಹಿಂಗ ಮಾಡಿದಾಂವ ನನಗ ಬುದ್ಧಿ ಹೇಳಾಕ ಬಂದೀಯೇನು? ನಮ್ಮ ಕೂಸಿಗೆ ಹಂಗೇನೂ ಆಗೂದಿಲ್ಲ. ಊರಾಗ ನೀ ಒಬ್ಬನ ಟೇಲರ್ ಅಲ್ಲ. ನಡಿ ಪ್ರಣೀ."

"ಇವತ್ತ ಬಿಚ್ಚೂದಾ ಅಜ್ಜಿ? ಖರೇನ?" ಮೆಟ್ಟಿಲಿಳಿಯುತ್ತ ಹುಡುಗಿ ಕೇಳಿದಳು. ಅವಳ ದನಿಯಲ್ಲಿ ಎಂಥ ಖುಷಿ! ಬಾಬುಸಾಬ ಬೀದಿಗೆ ಓಡಿಹೋಗಿ ಅವರನ್ನು ತಡೆಯಬೇಕೆಂದುಕೊಂಡ. ಯಾವ ಮುಖ ಹೊತ್ತು ತಡೆಯುವುದು?

ಪರದೆ ಸರಿಯಿತು.

ತಬಸ್ಸುಮ ಹೊರಗೆ ಬಂದಳು. ಅಪ್ಪನ ಮುಖ ನೋಡಲಿಲ್ಲ. ದುಪಟ್ಟಾ ತೆಗೆದು ಮಿಷನ್ನಿನ ಮೇಲೆ ಹಾಕಿದಳು, ಅವನ ಕೊರಳಲ್ಲಿದ್ದ ಟೇಪನ್ನು ಎಳೆದು ಅವನ ಕೈಗೇ ಕೊಟ್ಟು, ಬೆನ್ನು ತಿರುಗಿಸಿ ನಿಂತಳು.

"ಅಳತಿ ತಗೋರಿ ಅಬ್ಬಾ."

"ಬೇಟಾ, ಕೇಳಿಲ್ಲಿ..."

"ಎಡಹೆಗಲು ಎಷ್ಟು ಇಳದೈತಿ, ಜೋರಾಗಿ ಹೇಳ್ರಿ." ಒಳಗಿನ ಕಡೆ ಮುಖ ಮಾಡಿ ಕೂಗಿದಳು. "ಅಮ್ಮೀ, ಸ್ವಲ್ಪ ಇಲ್ಲಿ ಬಾ."

ಕಮರುನ್ನಿಸಾ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಗಂಡನನ್ನು ನೋಡಿದಳು, ಮಗಳನ್ನು ನೋಡಿದಳು.

"ಏನಾತು?" ಎಂದಳು.

ಬಾಬುಸಾಬ ಟೇಪಿನ ತುದಿಯನ್ನು ಮಗಳ ಎಡಹೆಗಲಿಗೆ ಹಿಡಿದ.