ಕರಿ ಎರಡು

ಚಹಾದ ಕಪ್ಪು ಚಾಚಿದ ಸುಶೀಲಕುಮಾರನ ಕೈಯನ್ನು ಮಕ್ಸೂದ ಮೊದಲು ನೋಡಿದ, ಆಮೇಲೆ ಮುಖ ನೋಡಿದ. ಕಪ್ಪನ್ನು ಮಾತ್ರ ಮುಟ್ಟಲಿಲ್ಲ. ಬೇಡವೆಂದು ಅಂಗೈ ಅಡ್ಡ ಹಿಡಿದು, ಅಂಗಳದಲ್ಲಿ ಹಾಸಿದ ತಾಡಪತ್ರಿಯ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತ. ಈ ಮನೆಯವರಿಗೆ ಬೆನ್ನು ಕೊಟ್ಟು ಒಮ್ಮೆ ಕೂತದ್ದೇ ಅವನಿಗೆ ಸಾಕಾಗಿತ್ತು.

ಪಡಸಾಲೆಯಲ್ಲಿ ಬಿಳಿ ಬಟ್ಟೆ ಹೊದಿಸಿ ಉತ್ತಮನನ್ನು ಮಲಗಿಸಿದ್ದರು. ತಲೆಯ ಹತ್ತಿರ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ, ಮುಂದೆ ಮೇಣದ ಬತ್ತಿ. ಚಿಂತಾಕಿಯ ನಾಟಕ ಮಂಡಳಿಯ ರಾಜ ಅವನು. ಒಂದು ಕಾಲಕ್ಕೆ ಔರಾದ, ಭಾಲ್ಕಿ ಎರಡೂ ತಾಲೂಕಿನಲ್ಲಿ ರಾಜನೆಂದರೆ ಉತ್ತಮ, ಪೇಟಿಯೆಂದರೆ ಮಕ್ಸೂದ. ಹಾರ್ಮೋನಿಯಂ ಎಂದು ಯಾರೂ ಅನ್ನುತ್ತಿರಲಿಲ್ಲ ಬಿಡಿ, ಪೇಟಿಯೇ. ಮಂಡಳಿ ಎಂದರೆ ಬರೀ ಬಣ್ಣ ಬಳಿದುಕೊಂಡು ಕುಣಿಯುವ ಗುಂಪೂ ಆಗಿರಲಿಲ್ಲ. ರಾಶಿ ಮುಗಿದ ಮೇಲೆ ಊರೂರಿನವರು ಗಾಡಿ ಕಳಿಸಿ ಕರೆಸುತ್ತಿದ್ದರು. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಚಾಪೆಯ ಮೇಲೆ ಕೂತು ಅಳುತ್ತಿದ್ದರು. ಆಟ ನೋಡಲು ಬಂದಲ್ಲೇ ಹೆಣ್ಣು ನೋಡಿ, ಗಂಡು ನೋಡಿ ಎಷ್ಟೋ ಮದುವೆ ಗೊತ್ತಾಗಿದ್ದವು.

ಅಂಥ ಮಂಡಳಿಯನ್ನು ಬಿಟ್ಟು ಭಾಲ್ಕಿ ಸೇರಿದ ಮೇಲೆ ಮಕ್ಸೂದ ಈ ಹೊಸ್ತಿಲು ತುಳಿದಿರಲಿಲ್ಲ. ಬೆಳಿಗ್ಗೆ ಸುಶೀಲ ಫೋನು ಮಾಡಿ ಉತ್ತಮ ಕಾಕಾ ಹೋದರೆಂದು ಹೇಳಿ, ಕಾಂತಾ ಕಾಕು ನಿಮ್ಮನ್ನೇ ಕರೆಸು ಅಂದಾಳ ಎಂದಾಗ ಮಕ್ಸೂದನ ಹುಬ್ಬು ಮೇಲೇರಿತು. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಹೆಂಡತಿ ಗುಲಶನ, ಸತ್ತವರ ಮೇಲೆ ಹಟ ಬೇಡವೆಂದು ಚಪ್ಪಲಿ ತಂದು ಮುಂದಿಟ್ಟಳು. ಅವನು ಬಂದದ್ದು ಹಟ ಬಿಟ್ಟಲ್ಲ. ಸತ್ತ ಮನೆಯಲ್ಲಿ ಯಾರ ಬಾಯಿಗೂ ಸುಳ್ಳು ಸಲೀಸಾಗಿ ಬರುವುದಿಲ್ಲ. ಇವತ್ತಾದರೂ ಯಾರಾದರೂ ಖರೆ ಹೇಳಿಯಾರು ಎಂಬುದು ಅವನ ಲೆಕ್ಕ.

* * *

ಮಕ್ಸೂದ ಮಂಡಳಿಯ ಪೇಟಿಗೆ ಕೊನೆಯ ಸಲ ಕೂತದ್ದು ಭಾಲ್ಕಿಯ ಆಟಕ್ಕೆ, ಅವನ ಸ್ವಂತ ಊರಿನಲ್ಲಿ. ಬೀಗರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ಉತ್ತಮ ಯಾವತ್ತೂ ಹಾಡುತ್ತಿದ್ದದ್ದು ಕರಿ ಎರಡರಲ್ಲಿ, ಅಂದರೆ ಪೇಟಿಯಲ್ಲಿ ಬೆರಳೊತ್ತುವ ಮನೆಗಳ ಪೈಕಿ ಎರಡನೆಯ ಕರಿ ಮನೆಯೇ ಅವನ ಷಡ್ಜ. ಗಂಡಸರ ಗಂಟಲಿಗೆ ಅದು ಎತ್ತರವೇ. ಪ್ರವೇಶದ ಹಾಡಿನಲ್ಲಿ ಅವನು ಕೈ ಎತ್ತಿ ಮೇಲಿನ ಷಡ್ಜಕ್ಕೆ ಏರಿದನೆಂದರೆ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಆವತ್ತೂ ಕೈ ಎತ್ತಿದ. ಮಕ್ಸೂದ ಮೇಲಿನ ಮನೆ ಒತ್ತಿದ. ಬರೀ ಗಾಳಿ ಬಂತು. ಮತ್ತೆ ಒತ್ತಿದರೂ ಗಾಳಿಯೇ. ಉತ್ತಮ ಅರ್ಧಕ್ಕೆ ನಿಂತ, ತಿರುಗಿ ಮಕ್ಸೂದನನ್ನು ಒಂದು ಗಳಿಗೆ ನೋಡಿದ. ಆಮೇಲೆ ಕೂಡಿದ ಮಂದಿಗೆ ಕೈ ಮುಗಿದು, "ಪೇಟಿ ಕೈ ಕೊಟ್ಟದರಿ, ಮಾಫಿ ಇರಲಿ" ಎಂದ. ಸಿಳ್ಳೆ ಬಿದ್ದವು, ಪರದೆ ಬಿತ್ತು. ಮಕ್ಸೂದನ ಭಾವಮೈದುನನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಬೆಳಗಾದ ಮೇಲೆ ಪೇಟಿ ಬಿಚ್ಚಿದರೆ, ಆ ಮನೆಯ ರೀಡಿನ ಬಾಯಿಗೆ ಒಣಗಿದ ಕಣಕದ ಚೂರು. ಗೋಧಿ ಕಣಕಕ್ಕೆ ಕಾಲಿರುವುದಿಲ್ಲ. ಮಂಡಳಿಯ ಸಾಮಾನೆಲ್ಲ ಇರುತ್ತಿದ್ದದ್ದು ಉತ್ತಮನ ಮನೆಯಲ್ಲಿ. ಮಕ್ಸೂದ ಆವತ್ತೇ ಮಂಡಳಿ ಬಿಟ್ಟ. ಅವನ ಜಾಗದಲ್ಲಿ ಉತ್ತಮನ ಅಣ್ಣನ ಮಗ ಸುಶೀಲ ಕೂತ. ಲೆಕ್ಕ ಸರಿಯಾಗಿ ಕೂತಿತಲ್ಲ! ಆಮೇಲೆ ಉತ್ತಮ ರಾಜನ ಪಾತ್ರ ಬಿಟ್ಟು ಹಾಡಿಲ್ಲದ ದ್ವಾರಪಾಲಕನ ವೇಷ ಹಾಕುತ್ತಾನೆಂದು ಕೇಳಿದಾಗ, ಕಳ್ಳನಿಗೆ ಒಳಗೇ ಚುಚ್ಚುತ್ತಿದೆ ಎಂದು ಮಕ್ಸೂದ ಸಮಾಧಾನ ಪಟ್ಟುಕೊಂಡಿದ್ದ.

* * *

ಬುದ್ಧ ವಂದನೆ ಮುಗಿಯಿತು. ಚಟ್ಟ ಅಂಗಳಕ್ಕೆ ಬಂತು. ಸುಶೀಲ ಪೇಟಿ ತಂದು ಮಕ್ಸೂದನ ಮುಂದಿಟ್ಟ.

ಮಂಡಳಿಯಲ್ಲೊಂದು ರಿವಾಜಿತ್ತು. ಪಾತ್ರಧಾರಿ ಸತ್ತರೆ ಎತ್ತುವ ಮೊದಲು ಅವನ ಪ್ರವೇಶದ ಹಾಡನ್ನು ಅವನದೇ ಸುರದಲ್ಲಿ ಪೇಟಿಯ ಮೇಲೆ ನುಡಿಸಬೇಕು. ಯಾರೂ ದನಿಗೂಡಿಸಬಾರದು, ಆ ಜಾಗ ಸತ್ತವನದು. ಹಾಡು ಮುಗಿದದ್ದೇ ತಡ ನಾಲ್ವರು ಹೆಗಲು ಕೊಡಬೇಕು. ರಾಜನ ಹಾಡನ್ನು ಸುಶೀಲ ಎಂದೂ ನುಡಿಸಿರಲಿಲ್ಲ. ಗೊತ್ತಿದ್ದವನು ಮಕ್ಸೂದ ಒಬ್ಬನೇ.

ಓ, ಇದಕ್ಕೆ ಕರೆಸಿದ್ದು! ಮಕ್ಸೂದ ಪೇಟಿ ನುಡಿಸಲಿಲ್ಲ. ಮುಚ್ಚಳ ಎತ್ತಿ, ಒಳಗಿನ ಹಲಗೆ ಬಿಚ್ಚಿ, ಒಂದೊಂದೇ ರೀಡಿನ ಮೇಲೆ ಬೆರಳಾಡಿಸತೊಡಗಿದ. ಮಣ್ಣಿಗೆ ಬಂದವರು ಗೊಣಗಿದರು. ಬೀದರಿನ ಮೈಲೂರದಿಂದ ಬಂದಿದ್ದ ಉತ್ತಮನ ಮಗಳು ಆಮ್ರಪಾಲಿಗೆ ತಡೆಯಲಾಗಲಿಲ್ಲ.

"ಏನ್ ಹುಡಕ್ಲತ್ತೀರಿ ಚಾಚಾ?"

"ಕಣಕ" ಎಂದ ಮಕ್ಸೂದ.

ಆ ಮಾತಿಗೆ ಒಳಗೆ ಹೆಣ ಮಲಗಿಸಿದ್ದ ಜಾಗದಲ್ಲೇ ಕೂತಿದ್ದ ಉತ್ತಮನ ಹೆಂಡತಿ ಕಾಂತಾಬಾಯಿ ಎದ್ದು ಬಂದಳು. ಹಿಡಿಯಲು ಬಂದ ಹೆಂಗಸರನ್ನು, ಮಗಳನ್ನು ದೂರ ಸರಿಸಿ, ಪೇಟಿಯ ಆಚೆ ಬದಿಗೆ ಮಕ್ಸೂದನಿಗೆ ಎದುರಾಗಿ ಕೂತಳು. ಅವನಿಗಷ್ಟೇ ಕೇಳುವಂತೆ ಹೇಳಿದಳು.

"ನಾನೇ ಇಟ್ಟಿದ್ದೆರಿ ಭಾಯಿ."

ಅವಳೇ ಹೇಳುತ್ತ ಹೋದಳು. ಆ ವರ್ಷ ಗಂಡನ ಗಂಟಲು ಹೋಗಿತ್ತು. ಮನೆಯಲ್ಲಿ ಹಾಡಿದರೆ ಮೇಲೆ ಹೋದಲ್ಲಿ ಒಡೆಯುತ್ತಿತ್ತು. ಯಾರಿಗೂ ಹೇಳಲಿಲ್ಲ, ಭಾಲ್ಕಿಯ ಆಟವನ್ನೂ ಬೇಡವೆನ್ನಲಿಲ್ಲ. ಮಂದಿ ನಗುತ್ತಾರೆಂದು ಇವಳ ಜೀವ ಹಿಡಿಯಷ್ಟಾಗಿತ್ತು.

"ಚಪಾತಿ ಹಂಚಿನ ಮುಂದ ಕೂತಾಗ ಹೊಳೀತು. ಪೇಟಿಗಿ ಏನ್ ಮಾನ, ಏನ್ ಮರ್ಯಾದಿ ಅಂದ್ಕೊಂಡೆ. ಪೇಟಿ ಹಿಂದ ನೀವ್ ಕೂಡ್ತೀರಿ ಅಂಬೋದು ಮರತೇ ಹೋಯ್ತು."

ಮಕ್ಸೂದ ಅವಳ ಮುಖವನ್ನು ಗುರಾಯಿಸಿ ನೋಡಿದ. ತಾನು ಪೇಟಿ ನುಡಿಸಲೆಂದು ಕಟ್ಟಿದ ಕತೆಯೇ ಇದು? ಆದರೆ ಆ ವರ್ಷ ಉತ್ತಮ ತನ್ನ ಜೊತೆಗೆ ತಾಲೀಮಿಗೆ ಕೂರುವುದನ್ನೇ ಬಿಟ್ಟಿದ್ದ. ಗಾಡಿಯಲ್ಲಿ ಹೋಗುವಾಗ ಗುನುಗುವುದನ್ನೂ ಬಿಟ್ಟಿದ್ದ. ಸೊಕ್ಕು ಬಂದಿದೆ ಎಂದುಕೊಂಡಿದ್ದ ಮಕ್ಸೂದ.

"ಉತ್ತಮಗ ಗೊತ್ತಿತ್ತೇನು?"

"ಇಲ್ರಿ. ಅವರು ನೀವೇ ಮಾಡೀರಿ ಅಂತ ತಿಳಕೊಂಡಿದ್ರು."

"ನಾನಾ?" ಹಾಗಾದರೆ ಉತ್ತಮನೂ ತನ್ನನ್ನೇ ಅನುಮಾನಿಸಿದ್ದನೆ?

"ಹೂಂರಿ. 'ನನ್ನ ಗಂಟಲಾ ಹೋಗಿದ್ದು ಮಕ್ಸೂದಗ ಹ್ಯಾಂಗೋ ತಿಳದದ, ತನ್ನ ಹೆಸರು ಕೆಡಿಸ್ಕೊಂಡು ನನ್ನ ಮಾನ ಕಾದಾನ, ಯಾವ ಮಾರಿ ಹೊತ್ತು ಅವನ ಮುಂದ ಹೋಗ್ಲಿ' ಅಂತಿದ್ರು. ನಿನ್ನಿ ಸುದ್ದಾ ಅದೇ ಅಂದ್ರು. ನಾ ಬಾಯಿ ಬಿಡಲಿಲ್ಲ."

ಇವಳನ್ನು ಬಯ್ಯಬೇಕೆನ್ನಿಸಿತು, ಪೇಟಿ ಎತ್ತಿ ಒಗೆಯಬೇಕೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆ ಬಂತು. ಭಾಲ್ಕಿಯಲ್ಲಿ ಕೂತು ತಾನು ದಿನಾ ಕಳ್ಳ ಎಂದು ಶಪಿಸುತ್ತಿದ್ದವನು ಇಲ್ಲಿ ತನ್ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿ ಮನಸ್ಸಿನಲ್ಲಿ ಕೂಡಿಸಿಕೊಂಡಿದ್ದ. ಮಾಡದ ಉಪಕಾರಕ್ಕೆ ಜೀವಮಾನವೆಲ್ಲ ತಲೆ ತಗ್ಗಿಸಿದ್ದ.

ಕಾಂತಾಬಾಯಿ ಕಣ್ಣು ಒರೆಸಿಕೊಂಡಳು. "ಕಡೀಕಡೀಗಿ ಸುರ ಇಳಿಸಿ ಬಿಳಿ ಒಂದರಾಗ ಸಣ್ಣಗ ಹಾಡ್ಕೋತಿದ್ರು. ಅದನ್ನೇ ನುಡಸ್ರಿ. ಕರಿ ಎರಡು ಯಾಕ ಬಿಟ್ರಿ ಅಂತ ಕೇಳ್ತಾರ, ಆಗ ಎಲ್ಲಾರ ಮುಂದ ಖರೇ ಹೇಳ್ತೇನಿ. ನಿಮ್ಮ ಮ್ಯಾಲಿನ ಮಾತು ಹೋಗ್ಲಿ."

ಅದಕ್ಕಾಗಿಯೇ ತಾನೆ ಅವನು ಬಂದದ್ದು? ಅಂಗಳದ ತುಂಬ ಎರಡೂ ತಾಲೂಕಿನ ಮಂದಿ ಇತ್ತು. ಅವಳು ಒಂದು ಮಾತು ಆಡಿದರೆ ಸಂಜೆಯೊಳಗೆ ಭಾಲ್ಕಿಗೂ ಮುಟ್ಟುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಮುದುಕ, ಈ ಸಲವಾದರೂ ಪೇಟಿ ಕೈ ಕೊಡದಿದ್ದರೆ ಸಾಕೆಂದು ಗೊಣಗಿದ. ಕಾಂತಾಬಾಯಿ ತಟ್ಟನೆ ಬಾಯಿ ತೆರೆದಳು.

"ಸುಮ್ಮ ಕೂಡ್ರಿ ಭಾಭಿ" ಎಂದ ಮಕ್ಸೂದ. ಮುದುಕನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ, "ಆ ಸಲ ನಂದೇ ತಪ್ಪಾಗಿತ್ರಿ. ಪೇಟಿ ನೋಡ್ಕೊಂಡಿರಲಿಲ್ಲ."

ಹಲಗೆ ಕೂಡಿಸಿ, ತಿದಿ ಒತ್ತಿ, ಕರಿ ಎರಡನ್ನು ಹಿಡಿದ.

ಹಾಡು ಏರಿತು. ಮೇಲಿನ ಷಡ್ಜ ತುಂಬಿ ಬಂತು, ನಿಂತಿತು. ಯಾರೂ ದನಿಗೂಡಿಸಲಿಲ್ಲ. ಹೆಂಗಸರು ಅತ್ತರು. ಹಾಡು ಇಳಿಯುತ್ತ ಕೊನೆಯ ಸಾಲಿಗೆ ಬಂದಾಗ ಸುಶೀಲ ಮತ್ತು ಉಳಿದ ಮೂವರು ಚಟ್ಟದ ಬಿದಿರಿಗೆ ಕೈ ಹಾಕಿ ಬಗ್ಗಿದರು.

ಮಕ್ಸೂದ ಮುಗಿಸಲಿಲ್ಲ. ಕೊನೆಯ ಸಾಲಿನಿಂದ ತಿರುಗಿ ಮೊದಲ ಸಾಲಿಗೆ ಹೋದ. ನಾಲ್ವರೂ ಬೆನ್ನು ನೆಟ್ಟಗೆ ಮಾಡಿ ನಿಂತರು. ಹಾಡು ಮತ್ತೆ ಏರಿ, ಮತ್ತೆ ಇಳಿಯಿತು. ಅವರು ಮತ್ತೆ ಬಗ್ಗಿದರು. ಅವನು ಮತ್ತೆ ಮೊದಲಿಗೆ ಹೋದ. ಹೊತ್ತಾಯಿತು ಪೇಟಿ ಮಾಸ್ತರ ಎಂದು ಯಾರೋ ಮೆಲ್ಲಗೆ ಅಂದರು. ಮಕ್ಸೂದನ ಗಡ್ಡದಿಂದ ನೀರು ಪೇಟಿಯ ಮನೆಗಳ ಮೇಲೆ ಬೀಳುತ್ತಿತ್ತು. ಬೆರಳು ಜಾರಿದರೂ ಅವನು ಬಿಡಲಿಲ್ಲ. ನಾಲ್ವರೂ ಬಿದಿರಿನ ಮೇಲೆ ಕೈಯಿಟ್ಟುಕೊಂಡೇ ಅವನ ಮುಖ ನೋಡುತ್ತ ನಿಂತರು.