ಜಡೆ ಹೆಣೆದ ವೈರುಗಳು

ನರ್ಸಮ್ಮನ ಕಾರು ಶೆಡ್ಡಿಗೆ ಬಂದದ್ದೇ ಕುಂಟಿಕೊಂಡು. ಇಳಿಜಾರಿನಲ್ಲಿ ತೆಪ್ಪಗೆ ಬರುವ ಕಾರು, ಏರು ಸಿಕ್ಕಿತೋ, ಮುಗ್ಗರಿಸುತ್ತಿತ್ತಂತೆ. ಮೇಸ್ತ್ರಿ ಚಹಾದ ಲೋಟ ಬೆಂಚಿನ ಮೇಲಿಟ್ಟು, ಬಾನೆಟ್ ಎತ್ತುವ ಮೊದಲೇ ಕಣ್ಣು ಮುಚ್ಚಿ ನಿಂತ. ಅವನು ಮೊದಲು ನೋಡುವುದು ಕಿವಿಯಿಂದ. ಕಣ್ಣಿನ ಕೆಲಸ ಆಮೇಲೆ.

"ಎಷ್ಟು ದಿನದಿಂದ ಹೀಗೆ, ಅಮ್ಮಾ?"

"ಎರಡು ವಾರ ಆಯ್ತು. ಊರೂರು ತಿರುಗಿ ಕೆಮ್ಮೋರನ್ನ ನೋಡೋಳು ನಾನು. ಈಗ ನನ್ನ ಕಾರಿಗೇ ಕೆಮ್ಮು."

"ಕೆಮ್ಮಲ್ಲಮ್ಮ ಇದು, ಬಿಕ್ಕಳಿಕೆ. ಯಾರೋ ನೆನೆಸ್ಕೋತಾ ಇದ್ದಾರೆ."

"ನನ್ನನ್ನಾ, ಕಾರನ್ನಾ?" ಅಂತ ನಕ್ಕು ಅವಳು ಸ್ಟೂಲ್ ಎಳೆದುಕೊಂಡು ಕೂತಳು.

ಮೇಸ್ತ್ರಿ ಎಂಜಿನ್ ಓಡುತ್ತಿದ್ದ ಹಾಗೇ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಸತ್ತ ಸಿಲಿಂಡರಿನ ವೈರು ಕಿತ್ತರೆ ಸದ್ದು ಬದಲಾಗುವುದಿಲ್ಲ. ಇಲ್ಲಿ ನಾಲ್ಕರಲ್ಲಿ ಯಾವುದನ್ನು ಕಿತ್ತರೂ ಎಂಜಿನ್ ಸೊರಗುತ್ತಿತ್ತು. ಅಂದರೆ ನಾಲ್ಕೂ ದುಡಿಯುತ್ತಿವೆ. ಪ್ಲಗ್ಗುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದ. ಅವೂ ನೆಟ್ಟಗಿದ್ದವು. ಆದರೆ ಎಂಜಿನ್ ಬಿಸಿಯಾಗಿ, ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಸಾಕು, ಮತ್ತೆ ಅದೇ ರಾಗ.

"ಮನೆಯಲ್ಲಿ ಎಲ್ಲರೂ ಒಳ್ಳೆಯವರೇ, ಆದ್ರೂ ಜಗಳ," ಅಂತ ಗೊಣಗಿ, ವೈರುಗಳ ಮೇಲೆ ಕೂತಿದ್ದ ಏರ್ ಫಿಲ್ಟರ್ ಡಬ್ಬಿಯನ್ನು ಎತ್ತಿದ.

ಎತ್ತಿದವನ ಕೈ ಅಲ್ಲೇ ನಿಂತಿತು.

ನಾಲ್ಕು ವೈರುಗಳನ್ನು ಯಾರೋ ಜಡೆಯ ಹಾಗೆ ಹೆಣೆದಿದ್ದರು. ತುದಿಯಲ್ಲಿ ಮೇಣ ಹಚ್ಚಿದ ದಾರ, ಮೂರು ಸುತ್ತು, ಒಳಮಡಿಚಿದ ಗಂಟು. ಆ ಹೆಣಿಗೆಯನ್ನು ಕಲಿಸಿದವರು ಯಾರೂ ಇರಲಿಲ್ಲ. ಇಪ್ಪತ್ತಮೂರು ವರ್ಷದ ಹಿಂದೆ, ಅಣ್ಣನ ಶೆಡ್ಡಿನಲ್ಲಿ, ನೋಡೋಕೆ ಚೆಂದ ಇರಲಿ ಅಂತ ಮೇಸ್ತ್ರಿಯೇ ಹುಟ್ಟುಹಾಕಿದ್ದು.

ಚೆಂದ ಏನೋ ಇತ್ತು. ಆದರೆ ಒಂದರ ಹಿಂದೆ ಒಂದು ಕಿಡಿ ಹೊಡೆಯುವ ಮೂರನೇ, ನಾಲ್ಕನೇ ವೈರುಗಳು ಮೈಗೆ ಮೈ ತಾಗಿಸಿ ಮಲಗಿದರೆ, ಬಿಸಿ ಏರಿದಾಗ ಒಂದರ ಕಿಡಿ ಇನ್ನೊಂದಕ್ಕೆ ಹಾಯುತ್ತದೆ. ಸರದಿ ಬಾರದ ಸಿಲಿಂಡರ್ ನಡುವೆ ಬಾಯಿ ಹಾಕುತ್ತದೆ. ಆಗ ಡಾಕ್ಟರೊಬ್ಬರ ಕಾರು ಹೀಗೇ ಏರಿನಲ್ಲಿ ನಿಂತುಹೋಗಿತ್ತು. ಅಣ್ಣ ಡಾಕ್ಟರ ಎದುರಿಗೇ, "ಎಂಜಿನ್ನಿಗೆ ಜಡೆ ಹಾಕಿದ್ದೀಯಲ್ಲೋ, ರಿಬ್ಬನ್ನೂ ಕಟ್ಟಿಬಿಡು" ಅಂದ. ತಮ್ಮನಿಗೆ ರೋಷ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಣ್ಣ ಅಂದದ್ದು: "ನಾನಾಗಿ ಕರೆಯೋ ತನಕ ನನ್ನ ಹೊಸಿಲು ತುಳೀಬೇಡ."

ಅವನು ತುಳಿಯಲಿಲ್ಲ. ಕರೆ ಬರಲಿಲ್ಲ. ಆಮೇಲೆ ಅಣ್ಣ ಊರು ಬಿಟ್ಟನಂತೆ, ಎಲ್ಲಿಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಶೆಡ್ಡಿನ ಮುಂದೆ ಯಾರಾದರೂ ಎರಡು ಸಲ ಹಾರ್ನ್ ಹೊಡೆದರೆ ಮೇಸ್ತ್ರಿ ಇವತ್ತಿಗೂ ಕತ್ತೆತ್ತುತ್ತಿದ್ದ. ಅಣ್ಣ ಹಾಗೆ ಹೊಡೆಯುತ್ತಿದ್ದ.

"ಇದನ್ನ ಯಾರಮ್ಮ ಕಟ್ಟಿದ್ದು?" ಗಂಟಿನ ಮೇಲೆ ಬೆರಳಿಟ್ಟು ಕೇಳಿದ.

"ಮೇಲೂರಲ್ಲಿ ಒಬ್ಬ ಅಜ್ಜ ಇದ್ದಾರೆ, ನನ್ನ ಪೇಶೆಂಟು. ಮೊದಲು ಕಾರು ರಿಪೇರಿ ಮಾಡ್ತಿದ್ರಂತೆ, ಎರಡು ವಾರದ ಹಿಂದೆ ಅವರ ಕೈಲೇ ಹೊಸ ವೈರು ಹಾಕಿಸಿದೆ. ಯಾಕೆ, ತಪ್ಪಾಗಿದೆಯಾ?"

"ಓಡಿಸಿ ಕೇಳಲಿಲ್ವಾ ಅವನು?"

"ಕೇಳೋಕೆ ಕಿವಿ ಎಲ್ಲಿದೆ? ಆರು ವರ್ಷ ಆಯ್ತಂತೆ, ಗುಡುಗಿದರೂ ಕೇಳಿಸಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟು, ಸರಿ ಇದೆ ಹೋಗಮ್ಮ, ಅಂದ್ರು. ಕಟ್ಟುವಾಗ ಒಬ್ಬರೇ ನಗ್ತಾ ಇದ್ರು. ಏನಜ್ಜ ಅಂತ ಚೀಟಿಯಲ್ಲಿ ಬರೆದು ತೋರಿಸಿದೆ. ನನ್ನ ತಮ್ಮ ಹೀಗೆ ಕಟ್ತಿದ್ದ, ಮುಠ್ಠಾಳ, ಎಷ್ಟು ಚೆಂದ ಕಟ್ತಿದ್ದ, ಅಂದ್ರು."

ಮೇಸ್ತ್ರಿ ಮುಖ ತಿರುಗಿಸಿ ಸ್ಪ್ಯಾನರ್ ಹುಡುಕಿದ. ಸ್ಪ್ಯಾನರ್ ಕೈಯಲ್ಲೇ ಇತ್ತು.

ಜಡೆ ಬಿಚ್ಚದೆ ಕಾರು ಸರಿಹೋಗುವಂತಿರಲಿಲ್ಲ. ಬಿಚ್ಚಲು ಮನಸ್ಸಿರಲಿಲ್ಲ. ಅಣ್ಣನ ಬೆರಳು ಎರಡು ವಾರದ ಹಿಂದೆ ಓಡಾಡಿದ ಜಾಗ ಅದು. ಗಂಟನ್ನು ಉಗುರಿನಿಂದ ಸಡಿಲಿಸಿದ, ಕತ್ತರಿ ಮುಟ್ಟಲಿಲ್ಲ. ಹಳೇ ಬೆಲ್ಟಿನ ರಬ್ಬರಿನಲ್ಲಿ ನಾಲ್ಕು ಸೀಳು ಮಾಡಿ ಬಾಚಣಿಗೆಯಂತೆ ಕೊರೆದು, ಒಂದೊಂದು ಸೀಳಿಗೆ ಒಂದೊಂದು ವೈರು ಕೂರಿಸಿದ. ಮೂರಕ್ಕೂ ನಾಲ್ಕಕ್ಕೂ ನಡುವೆ ಎರಡು ಬೆರಳು ಜಾಗ. ಇದು ಅಣ್ಣನ ಪದ್ಧತಿ. ಅಣ್ಣ ತಮ್ಮನ ಹಾಗೆ ಕಟ್ಟಿ ಕೆಡಿಸಿದ್ದ. ತಮ್ಮ ಅಣ್ಣನ ಹಾಗೆ ಕಟ್ಟಿ ರಿಪೇರಿ ಮಾಡಿದ.

ಎಂಜಿನ್ ಬಿಸಿಯಾದ ಮೇಲೆ ಜೋರಾಗಿ ಒತ್ತಿದ. ಬಿಕ್ಕಳಿಕೆ ಇಲ್ಲ.

"ನೀವೇ ಆ ಮುಠ್ಠಾಳ ತಮ್ಮನಾ?" ನರ್ಸಮ್ಮ ಮೆಲ್ಲಗೆ ಕೇಳಿದಳು.

ಅವನು ಹೊಸಿಲಿನ ಮಾತು ಹೇಳಿದ. "ಕರೆಯೋ ತನಕ ಬರಬೇಡ ಅಂದಿದ್ದಾನಮ್ಮ. ಹಿರಿಯ ಅವನು."

"ಕರೆದರೂ ನೀವು ಓ ಅಂದದ್ದು ಅವರಿಗೆ ಕೇಳಿಸಲ್ಲ. ಇನ್ನು ಯಾರಿಗೆ ಕಾಯ್ತೀರಿ? ನಾನು ಈಗ ಅಲ್ಲಿಗೇ ಹೊರಟಿದ್ದೀನಿ, ಬನ್ನಿ."

"ಬಂದು ಏನಂತ ನಿಲ್ಲಲಿ? ಬಾಗಿಲು ಹಾಕಿಬಿಟ್ಟರೆ?" ಅವನು ಕೈ ಒರೆಸಿಕೊಂಡ. "ಬೇಡ. ಏರಿನಲ್ಲಿ ಒಂದು ಸಲ ಓಡಿಸಿ ನೋಡೋಣ, ಅಷ್ಟೆ. ನೀರಿನ ಟ್ಯಾಂಕಿನ ಹತ್ತಿರ ತಿರುಗಿಸಿ, ನನ್ನನ್ನ ಇಲ್ಲಿ ಇಳಿಸಿ ಹೋಗಿ."

ಕಾರು ಏರನ್ನು ಸಲೀಸಾಗಿ ಹತ್ತಿತು. ನೀರಿನ ಟ್ಯಾಂಕು ಬಂತು. ನರ್ಸಮ್ಮ ವೇಗ ತಗ್ಗಿಸಿದಳು.

"ತಿರುಗಿಸಲಾ?"

ಮೇಸ್ತ್ರಿ ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳುತ್ತಿದ್ದ. "ಸ್ವಲ್ಪ ಮುಂದೆ ಹೋಗಮ್ಮ. ಇನ್ನೂ ಬಿಸಿಯಾಗಬೇಕು."

ಟೈಲ್ಸ್ ಕಾರ್ಖಾನೆ ದಾಟಿತು. ಸೇತುವೆ ದಾಟಿತು. ಅವಳು ಕೇಳಿದಳು, ಅವನು ಅದನ್ನೇ ಅಂದ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಸುಮಾರು ದೂರ ಹೋದ ಮೇಲೆ, ಕಣ್ಣು ತೆರೆಯದೆ ಅವನೇ ಕೇಳಿದ:

"ಅಮ್ಮಾ, ತುಂಬಾ ಬಡವಾಗಿದ್ದಾನಾ?"