ಗುಂಡಿ ಡಬ್ಬಿಯಲ್ಲಿದ್ದ ಮಾತ್ರೆಗಳು

"ಈ ಚಪ್ಪಲಿ ಕುಗ್ಗಿತೋ, ನನ್ನ ಕಾಲು ಹಿಗ್ಗಿತೋ?"

ಟೈಲರು ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲನ್ನು ಚಪ್ಪಲಿಯೊಳಗೆ, ಇನ್ನೊಂದನ್ನು ಹೊರಗೆ ಇಟ್ಟುಕೊಂಡು ಗಾಳಿಗೆ ಕೇಳಿದರು. ಇಂಚಿನ ಟೇಪು ಕೊರಳಲ್ಲೇ ಇತ್ತು. ನಲವತ್ತು ವರ್ಷ ಊರವರ ಅಳತೆ ತೆಗೆದವರು, ಇವತ್ತು ಮತ್ತೆ ಬಗ್ಗಿ ತಮ್ಮ ಕಣಕಾಲಿಗೇ ಟೇಪು ಸುತ್ತಿದರು. ಹೋದ ವಾರ ಅಳೆದದ್ದಕ್ಕಿಂತ ಒಂದಿಂಚು ಜಾಸ್ತಿ. ಹೆಬ್ಬೆರಳಿಂದ ಒತ್ತಿದರು. ಬೆರಳು ತೆಗೆದ ಮೇಲೂ ಅಲ್ಲಿ ಬಿದ್ದ ಕುಳಿ ಮೇಲೇಳಲಿಲ್ಲ. ಎದೆ ಬೇರೆ, ನಡುನಡುವೆ ಹೊಲಿಗೆ ತಪ್ಪುವ ಯಂತ್ರದ ಹಾಗೆ ಬಡಿದುಕೊಳ್ಳುತ್ತಿತ್ತು.

ಮಗಳಿಗೆ ಹೇಳಲಿಲ್ಲ. ಅವಳಿಗೆ ನಾಲ್ಕನೇ ತಿಂಗಳು. ಮೊದಲನೆಯ ಬಸಿರು ನಿಂತಿರಲಿಲ್ಲ. ಈ ಸಲ ಮನೆಯಲ್ಲಿ ಬಾಗಿಲನ್ನು ಕೂಡ ಯಾರೂ ಜೋರಾಗಿ ಹಾಕುವುದಿಲ್ಲ. ಅಂಥದ್ದರಲ್ಲಿ ಅವಳ ಮುಂದೆ ಕಾಲು ತೋರಿಸುವುದು ಹೇಗೆ?

ಅವಳು ಒಳಗೆ ಕಟಿಂಗ್ ಟೇಬಲ್ಲಿನ ಮುಂದೆ ಕೂತು ತನ್ನ ಬೆಳಗಿನ ಕೆಲಸ ಮಾಡುತ್ತಿದ್ದಳು. ಮುಂದೆ ತಗಡಿನ ಗುಂಡಿ ಡಬ್ಬಿ. ಅದರಲ್ಲಿ ಹನ್ನೆರಡು ಮನೆ. ಕೋಟಿನ ಗುಂಡಿಗೊಂದು, ಷರ್ಟಿನ ಗುಂಡಿಗೊಂದು, ಹುಕ್ಕಿಗೊಂದು. ಅಂಗಡಿಗೆ ಏನೇ ಬರಲಿ, ಪೊಟ್ಟಣ ಒಡೆದು ಈ ಡಬ್ಬಿಗೆ ಸುರಿಯಬೇಕು, ಪೊಟ್ಟಣ ಎಸೆಯಬೇಕು. ಅದು ಟೈಲರ ಕ್ರಮ. ಹೀಗಾಗಿ ಮೂರು ವಾರದ ಹಿಂದೆ ಆಸ್ಪತ್ರೆಯಿಂದ ಮಾತ್ರೆ ಬಂದಾಗಲೂ ಅದನ್ನೇ ಮಾಡಿದರು. ದೊಡ್ಡ ಮಾತ್ರೆ ಕೋಟಿನ ಗುಂಡಿಯ ಪಕ್ಕದ ಮನೆಗೆ, ಪುಟ್ಟ ಮಾತ್ರೆ ಷರ್ಟಿನ ಗುಂಡಿಯ ಪಕ್ಕದ ಮನೆಗೆ. ಬಾಟಲಿಯೂ ಅದರೊಳಗಿನ ಕಾಗದವೂ ಕಸಕ್ಕೆ ಹೋದವು.

ಟೈಲರಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಮೂಳೆಗೂ ಹರಡಿದೆ. "ಗಂಡಸಿನ ಹಾರ್ಮೋನೇ ಈ ಕ್ಯಾನ್ಸರಿಗೆ ಆಹಾರ. ಆ ಆಹಾರ ಸಿಗದ ಹಾಗೆ ಮಾಡೋಣ" ಎಂದು ಡಾಕ್ಟರು ಮೂರು ತಿಂಗಳಿಗೊಂದು ಇಂಜೆಕ್ಷನ್ ಹೇಳಿದ್ದರು. ಜೊತೆಗೆ ದಿನಾ ನಾಲ್ಕು ದೊಡ್ಡ ಮಾತ್ರೆ, ಒಂದು ಪುಟ್ಟ ಮಾತ್ರೆ. ಇನ್ನೂ ಏನೇನೋ ಹೇಳಿದ್ದರು. ಕ್ಯಾನ್ಸರ್ ಎಂಬ ಮಾತು ಬಿದ್ದ ಮೇಲೆ ಟೈಲರ ಕಿವಿಗೆ ಮುಂದಿನದು ಹೋಗಿರಲಿಲ್ಲ.

"ಅಪ್ಪಾ, ತಿಂಡಿ ಆಯ್ತಲ್ಲ? ಮಾತ್ರೆ ಕತ್ತರಿಸ್ತಾ ಇದೀನಿ, ಬಾ."

ದೊಡ್ಡ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಟೈಲರು ಒಂದು ದಿನ ಗೊಣಗಿದ್ದರು. ಅವತ್ತಿನಿಂದ ಮಗಳು ದಾರ ಕತ್ತರಿಸುವ ಪುಟ್ಟ ಕತ್ತರಿಯಲ್ಲಿ ಅದನ್ನು ಎರಡು ಹೋಳು ಮಾಡಿ ಕೊಡುತ್ತಿದ್ದಳು. ಒಂಬತ್ತು ದಿನವಾಗಿತ್ತು. ಟೇಬಲ್ಲಿನ ಮೇಲೆ ಬಿಳಿ ಪುಡಿ ಉದುರುತ್ತಿತ್ತು. ಸೀಮೆಸುಣ್ಣದ ಪುಡಿಯ ಜೊತೆ ಅದೂ ಒಂದು ಎಂಬಂತೆ ಅಂಗೈಯಲ್ಲಿ ಒರೆಸಿಬಿಡುತ್ತಿದ್ದಳು.

ಪಕ್ಕದ ಇಸ್ತ್ರಿ ಅಂಗಡಿಯವನು ಗೋಡೆಯ ಮೇಲಿಂದ ತಲೆ ಹಾಕಿದ. ಬೀದಿಯವರು ಅವನನ್ನು ರೇಡಿಯೋ ಎಂದೇ ಕರೆಯುವುದು. ಬೆಳಿಗ್ಗೆ ಶುರುವಾದರೆ ಅಂಗಡಿ ಮುಚ್ಚುವವರೆಗೂ ನಿಲ್ಲುವುದಿಲ್ಲ.

"ಟೈಲರಣ್ಣ, ಆ ಪುಟ್ಟ ಮಾತ್ರೆ ಬಿಟ್ರಿ ತಾನೆ? ಅದು ಸ್ಟೀರಾಯ್ಡು. ಒಳಗೊಳಗೇ ತಿಂದು ಹಾಕುತ್ತೆ. ನಾನು ಹೇಳಿದ್ದಕ್ಕೆ ಬಚಾವಾದ್ರಿ."

"ಬಿಟ್ಟು ಎರಡು ವಾರ ಆಯ್ತಪ್ಪ."

"ಒಳ್ಳೇದಾಯ್ತು ಬಿಡಿ. ಮುಖಾನೂ ತುಂಬ್ಕೊಂಡಿದೆ, ನೋಡಿ."

ಅದೇ ಹೊತ್ತಿಗೆ, ಟೈಲರಿಗೆ ಇಂಜೆಕ್ಷನ್ ಕೊಟ್ಟಿದ್ದ ಆಸ್ಪತ್ರೆಯ ಸಿಸ್ಟರಮ್ಮ ಬಂದರು. ಸೊಂಟದಲ್ಲಿ ಬಿಗಿಯಾದ ಎರಡು ಯೂನಿಫಾರಂ ಸಡಿಲ ಮಾಡಿಸಿಕೊಳ್ಳಬೇಕಿತ್ತು. ಒಳಗೆ ಬಂದು ಕೂತಿದ್ದ ಟೈಲರು ಟೇಪು ಹಿಡಿದು ಎದ್ದವರು ಹಾಗೇ ಟೇಬಲ್ ಹಿಡಿದುಕೊಂಡರು.

"ಅಳತೆ ಆಮೇಲಾಗ್ಲಿ, ಟೈಲರಣ್ಣ. ಒಂದು ಚಪ್ಪಲಿ ಯಾಕೆ ಮೆಟ್ಟಿಲ ಮೇಲೇ ಬಿಟ್ಟಿದೀರಿ? ಕಾಲು ಈ ಕಡೆ ಚಾಚಿ."

"ಏನಿಲ್ಲ, ಪೆಡಲ್ ತುಳಿದೂ ತುಳಿದೂ..."

"ನಲವತ್ತು ವರ್ಷ ತುಳಿದಾಗ ಊದದ ಕಾಲು ಈ ವಾರ ಊದ್ತಾ?" ಎಂದು ಬಗ್ಗಿ ಒತ್ತಿ ನೋಡಿದರು. ನಗುತ್ತಿದ್ದ ಮುಖ ಗಂಭೀರವಾಯಿತು. "ಯಾವ ಮಾತ್ರೆ ತಗೋತಿದೀರಿ? ತೋರಿಸಿ."

ಟೈಲರು ಡಬ್ಬಿಯ ಕಡೆ ಕೈ ತೋರಿಸಿದರು. ಮಗಳು ಆಗ ನಾಲ್ಕನೆಯ ಮಾತ್ರೆಯನ್ನು ಕತ್ತರಿಗೆ ಕೊಡುತ್ತಿದ್ದಳು.

"ಮುಟ್ಬೇಡ! ಕೆಳಗಿಡಮ್ಮ ಅದನ್ನ!"

ಕತ್ತರಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ರೇಡಿಯೋ ಗೋಡೆಯ ಮೇಲಿಂದ ಇನ್ನಷ್ಟು ಬಗ್ಗಿದ.

"ಮೊದಲು ಕೈ ತೊಳ್ಕೊ. ಸೋಪು ಹಾಕಿ, ಉಗುರಿನ ಸಂದಿ ಸಮೇತ. ಹೋಗು ತಾಯಿ, ಆಮೇಲೆ ಹೇಳ್ತೀನಿ."

ನಲ್ಲಿಯ ನೀರು ತುಂಬ ಹೊತ್ತು ಹರಿಯಿತು. ಅವಳು ಕೈ ಒರೆಸಿಕೊಳ್ಳದೆಯೇ ವಾಪಸು ಬಂದಳು.

"ಏನಾಗುತ್ತೆ ಸಿಸ್ಟರಮ್ಮ? ನಾನು ತಿಂದಿಲ್ವಲ್ಲ, ಬರೀ ಮುಟ್ಟಿದೀನಿ."

ಸಿಸ್ಟರಮ್ಮ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. "ಹೆದರಿಸೋಕೆ ಹೇಳ್ತಿಲ್ಲ, ಮುಚ್ಚಿಡೋದೂ ಇಲ್ಲ. ಇದು ಹಾರ್ಮೋನ್ ತಡೆಯೋ ಮಾತ್ರೆ. ಹೊಟ್ಟೇಲಿರೋ ಮಗು ಬೆಳೆಯೋಕೂ ಹಾರ್ಮೋನ್ ಬೇಕು, ಗಂಡು ಮಗುವಾದ್ರಂತೂ ಇನ್ನೂ ಬೇಕು. ಅದಕ್ಕೆ ಬಸುರಿಯರು ಇದನ್ನ ಬರಿಗೈಲಿ ಮುಟ್ಟಬಾರದು. ಕತ್ತರಿಸಿ ಪುಡಿಯಾದ್ರೆ ಅಪಾಯ ಇನ್ನೂ ಜಾಸ್ತಿ. ಏನಾದ್ರೂ ಆಗೇಬಿಟ್ಟಿದೆ ಅಂತಲ್ಲ. ಆದ್ರೆ ಇವತ್ತೇ ನಿನ್ನ ಡಾಕ್ಟರಿಗೆ ಹೇಳ್ಬೇಕು."

ಟೈಲರು ಮಗಳ ಮುಖ ನೋಡಲಾರದೆ ನೆಲದ ಕತ್ತರಿಯನ್ನೇ ನೋಡುತ್ತಿದ್ದರು. "ನನ್ನ ಗಂಟಲಿಗೆ ಅಂತ ಮಗಳ ಕೈಲಿ ಇಂಥ ಕೆಲಸ ಮಾಡಿಸಿದೆನಲ್ಲ" ಎಂದರು.

"ಮೇಲಿರೋನು ನೋಡ್ಕೋತಾನೆ ಬಿಡಿ" ಎಂದ ರೇಡಿಯೋ, ಮೆಲ್ಲಗೆ.

"ಅವನು ನೋಡ್ಕೊಳ್ಳಲಿ" ಎಂದರು ಸಿಸ್ಟರಮ್ಮ. "ಬಾಟಲಿ ಮೇಲೆ ಬರೆದದ್ದನ್ನ ನೋಡೋದು ನಮ್ಮ ಕೆಲಸ ಅಲ್ವಾ? ಬಾಟಲಿ ಎಲ್ಲಿ?"

"ಎಸೆದೆ" ಎಂದರು ಟೈಲರು.

"ಯಾವಾಗ ತಗೋತೀರಿ?"

"ತಿಂಡಿ ಆದ ಮೇಲೆ. ಬರೀ ಹೊಟ್ಟೇಲಿ ಮಾತ್ರೆ ನುಂಗಿದ್ರೆ ಉರಿಯುತ್ತೆ ಅಂತ..."

ಸಿಸ್ಟರಮ್ಮ ಹಣೆಗೆ ಕೈ ಇಟ್ಟುಕೊಂಡರು. "ಈ ದೊಡ್ಡ ಮಾತ್ರೆ ಬರೀ ಹೊಟ್ಟೇಲೇ ತಗೋಬೇಕು, ಟೈಲರಣ್ಣ. ತಿಂದು ಎರಡು ಗಂಟೆ ಆಗಿರಬೇಕು, ತಗೊಂಡ ಮೇಲೆ ಒಂದು ಗಂಟೆ ಏನೂ ತಿನ್ನಬಾರದು. ಊಟದ ಜೊತೆ ತಗೊಂಡ್ರೆ ರಕ್ತಕ್ಕೆ ಎಷ್ಟೋ ಪಟ್ಟು ಹೆಚ್ಚು ಸೇರುತ್ತೆ. ಅದರ ಮೇಲೆ ಪುಟ್ಟದನ್ನ ಬಿಟ್ಟಿದೀರಿ. ದೊಡ್ಡದು ಮೈಯೊಳಗಿನ ಉಪ್ಪು ನೀರಿನ ಹದ ಕೆಡಿಸದ ಹಾಗೆ ತಡೆಯೋದೇ ಪುಟ್ಟದು. ಅದಿಲ್ದೆ ಹೋದ್ರೆ ಕಾಲು ಊದುತ್ತೆ, ಬಿಪಿ ಏರುತ್ತೆ, ಎದೆ ಹೊಡ್ಕೊಳ್ಳುತ್ತೆ. ನಿಮಗೆ ಹೊಡ್ಕೋತಿದ್ಯಾ?"

ಟೈಲರು ತಲೆಯಾಡಿಸಿದರು. ಮಗಳು ತಿರುಗಿ ನೋಡಿದಳು. "ಯಾವತ್ತಿಂದ ಅಪ್ಪಾ? ನನಗ್ಯಾಕೆ ಹೇಳಲಿಲ್ಲ?"

"ನಿನ್ನ ಸ್ಥಿತೀಲಿ..."

"ನನ್ನ ಸ್ಥಿತೀನ ನೆಪ ಮಾಡ್ಕೋಬೇಡ!"

ಅಂಗಡಿಯ ಬಾಗಿಲು ಎಳೆದು ಮೂವರೂ ಆಸ್ಪತ್ರೆಗೆ ಹೊರಟರು. ಗುಂಡಿ ಡಬ್ಬಿಯನ್ನು ಸಿಸ್ಟರಮ್ಮ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಾವೇ ಹಿಡಿದುಕೊಂಡರು. ಮಾತ್ರೆಯನ್ನು ಚರಂಡಿಗೂ ಕಸಕ್ಕೂ ಎಸೆಯಬಾರದು, ಆಸ್ಪತ್ರೆಯ ಔಷಧಿ ವಿಭಾಗಕ್ಕೆ ಮರಳಿಸಬೇಕು ಎಂದರು.

ಟೈಲರ ಬಿಪಿ ಬಹಳ ಏರಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿತ್ತು. "ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಹೃದಯವೇ ನಿಂತುಹೋಗ್ಬಹುದಿತ್ತು" ಎಂದು ಡಾಕ್ಟರು ಅವರನ್ನು ಮೂರು ದಿನ ಅಲ್ಲೇ ಉಳಿಸಿಕೊಂಡರು. ದೊಡ್ಡ ಮಾತ್ರೆಯನ್ನು ಅವರೇ ನಿಲ್ಲಿಸಿದರು, ಬಿಪಿ ಇಳಿದ ಮೇಲೆ ಅವರೇ ಮತ್ತೆ ಕೊಟ್ಟರು. ಮಾತ್ರೆ ನಿಲ್ಲಿಸುವುದೂ ಶುರು ಮಾಡುವುದೂ ಡಾಕ್ಟರ ಕೆಲಸ, ಇಸ್ತ್ರಿ ಅಂಗಡಿಯದ್ದಲ್ಲ ಎಂದು ಟೈಲರು ಆ ಹಾಸಿಗೆಯ ಮೇಲೆ ಮಲಗಿಯೇ ಕಲಿತರು. ಮುಖ ಕಾದು ಬೆವರುವುದು, ಸುಸ್ತು, ಸುಮ್ಮಸುಮ್ಮನೆ ಬರುವ ಅಳು, ಹೆಂಡತಿಗೂ ಹೇಳಿಕೊಳ್ಳಲಾಗದೆ ನುಂಗಿದ್ದ ಗಂಡಸಿನ ಸಂಕೋಚ, ಎಲ್ಲವನ್ನೂ ಅಲ್ಲಿ ಬಾಯಿಬಿಟ್ಟು ಹೇಳಿದರು. ಡಾಕ್ಟರು ನಗಲಿಲ್ಲ. ಬರೆದುಕೊಂಡರು.

ಮಗಳನ್ನು ಅವಳ ಡಾಕ್ಟರು ಪರೀಕ್ಷಿಸಿ ಸ್ಕ್ಯಾನಿಂಗ್ ಮಾಡಿಸಿದರು. "ಇಲ್ಲಿವರೆಗೆ ಕಂಡದ್ದೆಲ್ಲ ಸರಿಯಾಗಿದೆ. ಮುಂದಿನ ತಿಂಗಳು ಮತ್ತೆ ನೋಡೋಣ" ಎಂದರು. ಆ ಒಂದು ತಿಂಗಳು ಟೈಲರು ಒಂದೇ ಒಂದು ಕೋಟೂ ಕತ್ತರಿಸಲಿಲ್ಲ. ಕತ್ತರಿ ಹಿಡಿದರೆ ಬಿಳಿ ಪುಡಿ ಕಣ್ಣಿಗೆ ಬರುತ್ತಿತ್ತು. ಎರಡನೆಯ ಸ್ಕ್ಯಾನಿನಲ್ಲೂ ಮಗು ಸರಿಯಾಗಿದೆ ಎಂದ ದಿನ ಮಗಳ ತಲೆಯ ಮೇಲೆ ಕೈ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು. ಪೂರ್ತಿ ನಿಶ್ಚಿಂತೆ ಇನ್ನೂ ಬಂದಿಲ್ಲ. ಮಗು ಕೈಗೆ ಬರುವವರೆಗೂ ಬರುವುದಿಲ್ಲ.

ಈಗ ಆಸ್ಪತ್ರೆಯವರು ಕೊಟ್ಟ ಹೊಸ ಮಾತ್ರೆ ಅದರ ಬಾಟಲಿಯಲ್ಲೇ ಇದೆ, ಟೈಲರ ಕೋಣೆಯ ಎತ್ತರದ ಕಪಾಟಿನಲ್ಲಿ, ಬೀಗದೊಳಗೆ. ಬೆಳಿಗ್ಗೆ ಆರಕ್ಕೆ ಇಸ್ತ್ರಿಪೆಟ್ಟಿಗೆ ಕಾಯಿಸುವ ರೇಡಿಯೋ ಗೋಡೆಯಾಚೆಯಿಂದ "ಟೈಲರಣ್ಣಾ, ಮಾತ್ರೆ!" ಎಂದು ಕೂಗುತ್ತಾನೆ. ತಪ್ಪು ಸಲಹೆಗೆ ಅವನೇ ಹಾಕಿಕೊಂಡ ದಂಡ ಅದು. ಟೈಲರು ಒಂದೊಂದೇ ಮಾತ್ರೆಯನ್ನು ಇಡಿಯಾಗಿ, ಲೋಟದ ತುಂಬ ನೀರಿನ ಜೊತೆ ನುಂಗುತ್ತಾರೆ. ಕೈ ತೊಳೆಯುತ್ತಾರೆ. ಸೀಮೆಸುಣ್ಣದಲ್ಲಿ ಕ್ಯಾಲೆಂಡರಿಗೆ ಗುರುತು ಹಾಕುತ್ತಾರೆ. ತಿಂಡಿ ಏಳು ಗಂಟೆಯ ಮೇಲೆ, ಪುಟ್ಟ ಮಾತ್ರೆ ತಿಂಡಿಯ ಜೊತೆ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ನುಂಗುವುದಿಲ್ಲ, ಆಸ್ಪತ್ರೆಗೆ ಫೋನ್ ಮಾಡಿ ಕೇಳುತ್ತಾರೆ. ಬಿಪಿ ಮತ್ತು ರಕ್ತ ಪರೀಕ್ಷೆಯ ದಿನವನ್ನೂ ಇಂಜೆಕ್ಷನ್ನಿನ ದಿನವನ್ನೂ ಗಿರಾಕಿಗೆ ಕೊಟ್ಟ ಮಾತಿನ ಹಾಗೆ ಪಾಲಿಸುತ್ತಾರೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇಂಥ ಮಾತ್ರೆ ಇರಬಹುದು. ಅದು ಟೈಲರ ಮಾತ್ರೆಯೇ ಆಗಿರಬೇಕೆಂದಿಲ್ಲ. ಕೆಲವನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಕೆಲವನ್ನು ಬರೀ ಹೊಟ್ಟೆಯಲ್ಲಿ. ಅದಕ್ಕೆ ನಿಮ್ಮ ಮಾತ್ರೆಯ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ. ಒಂದು ಸಲಕ್ಕೆ ತಿಳಿಯದಿದ್ದರೆ ಇನ್ನೊಂದು ಸಲ ಕೇಳಿ, ನಾಚಿಕೆ ಬೇಡ. ನಾಟಿ ಔಷಧಿಯಾಗಲಿ ಬೇರೆ ಮಾತ್ರೆಯಾಗಲಿ, ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕಾಲು ಊದಿದರೆ, ಎದೆ ಹೊಡೆದುಕೊಂಡರೆ, ಕಣ್ಣು ಹಳದಿಯಾದರೆ ಕಾಯಬೇಡಿ, ಅವತ್ತೇ ಹೋಗಿ. ಮನೆಯಲ್ಲಿ ಬಸುರಿ ಇದ್ದರೆ, ಆಗುವ ಸಾಧ್ಯತೆ ಇದ್ದರೆ, ಆ ಬಾಟಲಿ ಅವಳ ಕೈಗೆ ಹೋಗದಿರಲಿ.

ಮೊನ್ನೆ ಬೆಳಿಗ್ಗೆ ಬಾಟಲಿಯ ಮುಚ್ಚಳ ಬಿಗಿಯಾಗಿತ್ತು. ಒತ್ತಿ ತಿರುಗಿಸುವ ಮುಚ್ಚಳ. ಸೂಜಿ ಚುಚ್ಚಿ ಚುಚ್ಚಿ ದಪ್ಪಗಟ್ಟಿದ ಹೆಬ್ಬೆರಳು ಜಾರಿ ಜಾರಿ ಹೋಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಮಗಳಿಗೆ ತಂದೆಯ ಪಾಡು ನೋಡಲಾಗಲಿಲ್ಲ. ತುಂಬಿದ ಹೊಟ್ಟೆಯ ಮೇಲೆ ಒಂದು ಕೈ ಇಟ್ಟು ಇನ್ನೊಂದನ್ನು ಚಾಚಿದಳು.

"ಮುಚ್ಚಳ ತಾನೆ ಅಪ್ಪಾ? ಕೊಡು ಇಲ್ಲಿ, ನಾನು ತೆಗೆದುಕೊಡ್ತೀನಿ."

ಟೈಲರು ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡರು.

"ಕೊಡಲ್ಲ."